ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಮೈಕೈ ನೋವು ಬಂದಾಗ ಏನು ಮಾಡಬೇಕು?

ಕೊಲೆಸ್ಟ್ರಾಲ್ ಇಳಿಸಲು ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಮೊದಲಾದ ಸ್ಟ್ಯಾಟಿನ್ ಮಾತ್ರೆಗಳನ್ನು. ಇವು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸುವುದರಿಂದ, ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಈ ಉಪಕಾರ ಯಾವುದೂ ಮೈಗೆ ಗೊತ್ತಾಗುವುದಿಲ್ಲ. ತೊಂದರೆಯಾದರೆ ಮಾತ್ರ ಗೊತ್ತಾಗುತ್ತದೆ. ಎಷ್ಟೋ ಮಂದಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವುದು ಇದರಿಂದಲೇ.

ಮಾತ್ರೆ ಆರಂಭಿಸುವ ಮೊದಲೇ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್ ತೊಂದರೆಗಳಿದ್ದರೆ ವೈದ್ಯರಿಗೆ ತಿಳಿಸಿ, ಯಕೃತ್ತಿನ ಕಿಣ್ವಗಳ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಮತ್ತು ಹಾಲೂಡಿಸುವ ತಾಯಂದಿರು ಅದನ್ನೂ ಹೇಳಲೇಬೇಕು. ಜೊತೆಗೆ, ಆಗಲೇ ಇರುವ ಮಂಡಿನೋವು, ಸೊಂಟನೋವುಗಳನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ನೋವನ್ನು ಹೊಸ ಮಾತ್ರೆಯ ತಲೆಗೆ ಕಟ್ಟುವುದು ಆಗ ತಪ್ಪುತ್ತದೆ.

ಸಿಮ್ವಾಸ್ಟ್ಯಾಟಿನ್ ಅನ್ನು ರಾತ್ರಿ ತೆಗೆದುಕೊಳ್ಳಬೇಕು. ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳಿಗೆ ಹೊತ್ತಿನ ಕಟ್ಟಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಸ್ಟ್ಯಾಟಿನ್‌ನಿಂದ ಬರುವ ಸ್ನಾಯುನೋವು ಸಾಮಾನ್ಯವಾಗಿ ಎರಡೂ ಪಕ್ಕದಲ್ಲಿ, ತೊಡೆ, ಮೀನಖಂಡ, ಭುಜಗಳಂಥ ದೊಡ್ಡ ಸ್ನಾಯುಗಳಲ್ಲಿ, ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಮಂಡಿ ನೋಯುತ್ತಿದ್ದರೆ ಕಾರಣ ಬೇರೆ ಇರುವ ಸಂಭವ ಹೆಚ್ಚು. ಅಡ್ಡಪರಿಣಾಮವೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ನಿಜವಾದ ಮಾತ್ರೆಯನ್ನೂ ಕೆಲವು ತಿಂಗಳು ಔಷಧವಿಲ್ಲದ ಹುಸಿಮಾತ್ರೆಯನ್ನೂ, ಯಾವುದು ಯಾವುದೆಂದು ತಿಳಿಸದೆ ಕೊಟ್ಟು ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮಾತ್ರೆಯಿಂದ ಉಂಟಾದ ತೊಂದರೆಯ ಸುಮಾರು ಶೇ 90ರಷ್ಟು ಹುಸಿಮಾತ್ರೆಯಿಂದಲೂ ಉಂಟಾಗಿತ್ತು. ನೋವು ಸುಳ್ಳೆಂದು ಇದರರ್ಥವಲ್ಲ. ನೋವು ನಿಜವೇ, ಕಾರಣವನ್ನು ಮಾತ್ರ ಪರೀಕ್ಷಿಸಿ ತಿಳಿಯಬೇಕು. ವೈದ್ಯರು ರಕ್ತದಲ್ಲಿನ ಸಿಕೆ ಎಂಬ ಸ್ನಾಯುಕಿಣ್ವವನ್ನು ನೋಡಿ, ಅಗತ್ಯವಿದ್ದರೆ ಕೆಲವು ವಾರ ಮಾತ್ರೆ ನಿಲ್ಲಿಸಿ, ಮತ್ತೆ ಕೊಟ್ಟು ನೋಡುತ್ತಾರೆ.

ಆದರೆ ತೀವ್ರ ನೋವು, ನಿಶ್ಶಕ್ತಿಯ ಜೊತೆಗೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಕಾಯಬಾರದು. ಸ್ನಾಯುವೇ ಒಡೆದು ಮೂತ್ರಪಿಂಡಕ್ಕೆ ಹಾನಿ ಮಾಡುವ ಈ ಸ್ಥಿತಿ ಬಹಳ ಅಪರೂಪ, ಆದರೆ ಪ್ರಾಣಾಪಾಯದ್ದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಣ್ಣು ಹಳದಿಯಾದರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಬೇರೆ ಕಾಯಿಲೆಗೆ ವೈದ್ಯರಲ್ಲಿ ಹೋದಾಗಲೂ ಈ ಮಾತ್ರೆಯ ಹೆಸರು ಹೇಳಿ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್, ಇಟ್ರಾಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ಕೆಲವು ಸ್ಟ್ಯಾಟಿನ್‌ಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಗ್ರೇಪ್‌ಫ್ರೂಟ್ ರಸವೂ ಹಾಗೆಯೇ. ಇದು ದ್ರಾಕ್ಷಿಯಲ್ಲ, ಚಕ್ಕೋತದ ಬಳಗದ ಹಣ್ಣು.

ಮಧುಮೇಹದ ಅಂಚಿನಲ್ಲಿರುವವರಿಗೆ ಸಕ್ಕರೆ ಅಂಶ ತುಸು ಏರಬಹುದಾದ್ದರಿಂದ ಅದನ್ನೂ ಆಗಾಗ ಪರೀಕ್ಷಿಸಿಕೊಳ್ಳಬೇಕು. ಮಾತ್ರೆ ಆರಂಭಿಸಿದ 4ರಿಂದ 12 ವಾರಗಳಲ್ಲಿ ಕೊಲೆಸ್ಟ್ರಾಲ್ ಮರುಪರೀಕ್ಷೆಯಾಗಬೇಕು. ಅಂಕಿ ಇಳಿಯಿತೆಂದು ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುತ್ತದೆ. ನಿಜಕ್ಕೂ ಒಗ್ಗದವರಿಗೆ ಕಡಿಮೆ ಪ್ರಮಾಣ, ಬೇರೊಂದು ಸ್ಟ್ಯಾಟಿನ್, ದಿನ ಬಿಟ್ಟು ದಿನದ ಕ್ರಮ, ಇಲ್ಲವೇ ಎಜೆಟಿಮೈಬ್ ಎಂಬ ಇನ್ನೊಂದು ಬಗೆಯ ಮಾತ್ರೆಯನ್ನು ವೈದ್ಯರು ಕೊಡಬಲ್ಲರು.