25 ಗಜದ ಲಂಗ: ಟ್ರೈಬಲ್ ಬೆಲ್ಲಿ ಡ್ಯಾನ್ಸ್‌ಗೆ ನಾನು ಹೊಲಿಯುವ ಬಗೆ

ಟ್ರೈಬಲ್ ಬೆಲ್ಲಿ ಡ್ಯಾನ್ಸ್ ಯಾವ ಬುಡಕಟ್ಟಿನದೂ ಅಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾದ ಜಮೀಲಾ ಸಲಿಂಪುರ್ ಕಟ್ಟಿದ ಬಲ್ ಅನಾತ್ ತಂಡ ಇದರ ಬೇರು. ಅವರ ಶಿಷ್ಯೆ ಮಾಶಾ ಆರ್ಚರ್; ಮಾಶಾರ ಬಳಿ ಕಲಿತ ಕ್ಯಾರೊಲೀನಾ ನೆರಿಚಿಯೊ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫ್ಯಾಟ್‌ಚಾನ್ಸ್ ಬೆಲ್ಲಿಡ್ಯಾನ್ಸ್ ತಂಡ ಶುರುಮಾಡಿದರು. ಇಲ್ಲಿ ಮೊದಲೇ ಕೂಡಿಸಿಟ್ಟ ನೃತ್ಯವಿಲ್ಲ. ಎಡಮುಂದೆ ನಿಂತ ನಾಯಕಿಯ ಸನ್ನೆ ನೋಡಿ ಉಳಿದವರು ಆಗಲೇ ಹೆಜ್ಜೆ ಹಿಡಿಯುತ್ತಾರೆ. ಎಲ್ಲರೂ ತುಸು ಎಡಕ್ಕೆ ತಿರುಗಿರುವುದರಿಂದ ಪ್ರೇಕ್ಷಕರಿಗೆ ಕಾಣುವುದು ಬಲಸೊಂಟ. ಹಾಗಾಗಿ ಲಂಗ ಎಷ್ಟೇ ಅಗಲವಿರಲಿ, ಸೊಂಟದ ಹತ್ತಿರ ದಪ್ಪವಾಗಬಾರದು, ಭಾರವೆಲ್ಲ ಕೆಳಗಿರಬೇಕು.

ನಾನು ಕೊಳ್ಳುವುದು 115 ಸೆಂ.ಮೀ. ಪನ್ನದ (ಅಗಲದ) ತೆಳು ಹತ್ತಿಬಟ್ಟೆ, 12 ಮೀಟರ್. ಪಾಲಿಯೆಸ್ಟರ್ ಬೆರೆತದ್ದು ಕೈಯಲ್ಲಿ ಹರಿದಾಗ ಸಲೀಸಾಗಿ ನೇರ ಬಾರದಿರಬಹುದು, ಬೇಡ. ಮೊದಲು ನೆನೆಸಿ ಒಗೆಯುತ್ತೇನೆ. ಕುಗ್ಗಿದ ಮೇಲೆ 11.5 ಮೀಟರ್ ಸಿಕ್ಕರೆ ಸಾಕು. ಅಂಚು ತೆಗೆದು, ಉದ್ದಕ್ಕೆ 27 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಹರಿಯಬೇಕು. ಕತ್ತರಿಗಿಂತ ಹರಿದದ್ದೇ ನೇರ, ಆದರೆ ಅಲೆಯಾದ ಅಂಚನ್ನು ಇಸ್ತ್ರಿ ಮಾಡದೆ ಮಷಿನ್‌ಗೆ ಕೊಡಬೇಡಿ.

ಲಂಗಕ್ಕೆ ನಾಲ್ಕು ಸುತ್ತು, ಒಂದರ ಕೆಳಗೊಂದು ನಿರಿಗೆ ಹಿಡಿದು ಹೊಲಿಯುವುದು. ಎರಡು ಪಟ್ಟಿ ಜೋಡಿಸಿದರೆ 23 ಮೀಟರ್, ಅಂದರೆ 25 ಗಜ: ಅದೇ ಕೆಳಗಿನ ಸುತ್ತು. ಮೂರನೆಯದು ಇಡಿಯಾಗಿ ಅದರ ಮೇಲಿನದು. ನಾಲ್ಕನೆಯದರಲ್ಲಿ 5.75 ಮೀಟರ್ ಮತ್ತು 2.9 ಮೀಟರ್‌ನ ಎರಡು ತುಂಡು, ಉಳಿದದ್ದು ಲಾಡಿಗೆ. ಪ್ರತಿ ಸುತ್ತೂ ಮೇಲಿನದರ ಎರಡರಷ್ಟು. ಒಂದೊಂದು ಸೆಂ.ಮೀ. ಹೊಲಿಗೆಗೆ ಬಿಟ್ಟು, ಅಂಚೂ ಲಾಡಿಯ ಮಡಿಕೆಯೂ ಕಳೆದರೆ ಉದ್ದ ಸುಮಾರು 96 ಸೆಂ.ಮೀ. ಬರುತ್ತದೆ. ಗಿಡ್ಡವಿರುವವರು ಪಟ್ಟಿಯ ಅಗಲ ಕಡಿಮೆ ಮಾಡಿ. ಅಂಚು ಕಾಲಿನ ಗಂಟಿಗೆ ಬಂದರೆ ಸರಿ. ನೆಲ ಮುಟ್ಟಿದರೆ ತಿರುಗುವಾಗ ಹೆಬ್ಬೆರಳಿಗೆ ಸಿಕ್ಕಿ ಹರಿಯುತ್ತದೆ.

ಕೆಳಗಿನ ಅಂಚನ್ನು ನಿರಿಗೆಗೆ ಮೊದಲೇ ಮಡಚಿ ಹೊಲಿಯಿರಿ. ಆಮೇಲೆ ಅದು ನರಕ.

ನಿರಿಗೆಯೇ ನಿಜವಾದ ಕೆಲಸ. 23 ಮೀಟರ್‌ಗೆ ಒಂದೇ ದಾರ ಓಡಿಸಿ ಎಳೆದರೆ ನಡುವೆ ಕಡಿಯುವುದು ಖಂಡಿತ. ಎರಡೂ ಸುತ್ತಿಗೆ 16 ಗುರುತು ಹಾಕಿ: ಕೆಳಗಿನದರಲ್ಲಿ 144 ಸೆಂ.ಮೀ.ಗೊಂದು, ಮೇಲಿನದರಲ್ಲಿ 72ಕ್ಕೊಂದು. ಪ್ರತಿ ಭಾಗಕ್ಕೂ ಬೇರೆ ದಾರ, ಅಂಚಿನಿಂದ 5 ಮತ್ತು 8 ಮಿ.ಮೀ. ದೂರದಲ್ಲಿ ಎರಡು ಸಾಲು, ಮಷಿನ್‌ನ ಅತಿ ಉದ್ದದ ಹೊಲಿಗೆ, ಮೇಲಿನ ದಾರದ ಬಿಗಿ ತುಸು ಸಡಿಲ. ಎಳೆಯುವಾಗ ಬಾಬಿನ್ (ಕೆಳಗಿನ) ದಾರ ಮಾತ್ರ. ಪಟ್ಟಿಯ ಜೋಡಣೆ ಬಂದಲ್ಲಿ ಸಾಲು ನಿಲ್ಲಿಸಿ ಮತ್ತೆ ಶುರುಮಾಡಿ, ಆ ದಪ್ಪದ ಮೇಲೆ ದಾರ ಜಾರುವುದಿಲ್ಲ. ಎರಡೂ ಸುತ್ತನ್ನು ಕೂಡಿಸುವ ಸಾಮಾನ್ಯ ಹೊಲಿಗೆ ಹಾಕುವಾಗ ನಿರಿಗೆಯ ಬದಿ ಮೇಲಿರಲಿ. ಕೆಳಗಿಟ್ಟರೆ ಮಡಿಕೆಗಳು ಒಂದೇ ಕಡೆ ಮಲಗಿದ್ದು ಕಾಣುವುದಿಲ್ಲ.

ಸೊಂಟಕ್ಕೆ ಎಲಾಸ್ಟಿಕ್ ಹಾಕುವವರಿದ್ದಾರೆ. ಒಂದು ಕಿಲೋ ಮೀರಿದ ಬಟ್ಟೆ ಶಿಮ್ಮಿಗೆ (ಸೊಂಟದ ವೇಗದ ನಡುಕಕ್ಕೆ) ಕುಣಿದರೆ ಅದು ಜಾರುತ್ತದೆ, ಲಾಡಿಯೇ ವಾಸಿ. ಹೊಕ್ಕುಳ ಕೆಳಗೆ ಕಟ್ಟಿ, ಅದರ ಮೇಲೆ ಗೊಂಡೆಯ ಬೆಲ್ಟ್. ಕ್ಯಾನ್ವಾಸ್ ಪಟ್ಟಿಗೆ ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿ ತುಂಡು, ಕವಡೆ, ಉಲ್ಲನ್ ಗೊಂಡೆ ಹೊಲಿದರೆ ನಮ್ಮಲ್ಲೇ ಒಳ್ಳೆಯದು ತಯಾರಾಗುತ್ತದೆ. ಕೆಂಪು ಉಲ್ಲನ್ ಬಣ್ಣ ಬಿಡುವುದುಂಟು. ಬೆವರಿನಲ್ಲಿ ಲಂಗಕ್ಕೆ ಇಳಿಯುವ ಮೊದಲು ಬಣ್ಣ ನಿಲ್ಲಿಸಲೆಂದು ಹಾಕುವ ವಿನೆಗರ್ ನೀರಿಗಿಂತ ನಾಲ್ಕು ಸಲದ ಒಗೆತವನ್ನೇ ನಂಬಿ. ಒಳಗೆ ಪ್ಯಾಂಟಲೂನ್ (ಸಡಿಲ ಪೈಜಾಮ) ಕಡ್ಡಾಯ, ತಿರುಗಿದಾಗ ಲಂಗ ಮಂಡಿ ಮೀರಿ ಏಳುತ್ತದೆ.

ಒಗೆದ ಲಂಗವನ್ನು ಹಗ್ಗದಂತೆ ಹೊಸೆದು, ಹಳೆಯ ಸ್ಟಾಕಿಂಗ್‌ನಲ್ಲಿ ತುರುಕಿ ಒಣಗಿಸಿದರೆ ಸಣ್ಣ ಮಡಿಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ಮಾತ್ರ ಹರಡಿ ಅರೆ ಒಣಗಿಸಿಯೇ ಹೊಸೆಯಿರಿ, ಇಲ್ಲದಿದ್ದರೆ ಒಳಸುತ್ತಿಗೆ ಬೂಷ್ಟು ಹಿಡಿಯುತ್ತದೆ.