ಕಂಪನಿಯಲ್ಲಿ ನಾನು ನಾಟಕ ಬರೆಯಲು ಕಲಿತದ್ದು

ನಾಟಕ ಕಂಪನಿಗೆ ಸೇರಿದ್ದು ನಟನಾಗಬೇಕು ಅಂತ. ಸಿಕ್ಕಿದ್ದು ಪ್ರಾಂಪ್ಟರ್ ಕೆಲಸ. ಸೈಡ್ ವಿಂಗಿನಲ್ಲಿ ನೋಟ್‌ಬುಕ್ ಹಿಡಿದು ನಿಲ್ಲಬೇಕು. ನಟ ತಡವರಿಸಿದರೆ ಮುಂದಿನ ಮಾತು ಅವನಿಗಷ್ಟೇ ಕೇಳುವ ಹಾಗೆ ಹೇಳಬೇಕು. ಜೋರಾದರೆ ಮುಂದಿನ ಸಾಲಿನ ಜನ ನಗುತ್ತಾರೆ. ಮೆಲ್ಲಗಾದರೆ ನಟ ಒಳಗೆ ಬಂದು ಬೈಯುತ್ತಾನೆ. ನನಗೆ ಎರಡೂ ಬೇಕಾದಷ್ಟು ಆಗಿವೆ.

ದಿನಾ ಅದೇ ನಾಟಕ, ಅದೇ ಮಾತು. ಕೆಲವು ತಿಂಗಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಬ್ಬ ನಟ ಒಂದು ಜಾಗದಲ್ಲಿ ಎಡವಿದರೆ ಅದು ಅವನ ಮರೆವು. ಅವನು ಕಂಪನಿ ಬಿಟ್ಟು ಹೋಗಿ, ಅದೇ ಪಾತ್ರಕ್ಕೆ ಬಂದ ಬೇರೊಬ್ಬನೂ ಅಲ್ಲೇ ಎಡವಿದರೆ? ಅದು ಬರೆದವನ ತಪ್ಪು. ಅಂಥ ಕಡೆ ಪೆನ್ಸಿಲ್‌ನಿಂದ ಗುರುತು ಹಾಕತೊಡಗಿದೆ. ಹೆಚ್ಚಿನವು ಉದ್ದ ವಾಕ್ಯಗಳೇ. ನಮ್ಮ ಕನ್ನಡದಲ್ಲಿ ಕೊಂದನೋ, ಕಾಯ್ದನೋ ಅನ್ನೋದು ಕೊನೆಯ ಪದದಲ್ಲಿ ತಾನೇ ಗೊತ್ತಾಗೋದು? ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಮುಗಿದಿದ್ದರೆ ಹಿಂದೆ ಕೂತವರಿಗೆ ಏನೂ ಮುಟ್ಟಲ್ಲ. ನಟನಿಗೂ ಅದು ಗೊತ್ತು, ಅದಕ್ಕೇ ಹೆದರುತ್ತಾನೆ. ಹೆದರಿದವನು ಮರೆಯುತ್ತಾನೆ. ಇವತ್ತಿಗೂ ಪ್ರತಿ ಮಾತನ್ನೂ ನಿಂತುಕೊಂಡು, ಗಟ್ಟಿಯಾಗಿ ಹೇಳಿ ನೋಡಿಯೇ ಬರೆಯುತ್ತೇನೆ. ಕೂತು ಬರೆದದ್ದು ಕೂತೇ ಇರುತ್ತೆ.

ಆಮೇಲೆ ಪಾತ್ರಗಳೂ ಸಿಕ್ಕವು. ಮೊದಲು ಪೊಲೀಸ್ ಪೇದೆ, ಆಮೇಲೆ ಖಳನಾಯಕನ ಬಂಟ, ಕೊನೆಗೆ ಹಾಸ್ಯ. ಹಾಸ್ಯ ಅಂದರೆ ಕಂಪನಿಯಲ್ಲಿ ಸಣ್ಣ ಪಾತ್ರ ಅಲ್ಲ. ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು. ಅಷ್ಟು ದೊಡ್ಡ ಕಂಪನಿಯ ಮಾಲೀಕರಾಗಿದ್ದ ವೀರಣ್ಣನವರು ಹೆಸರು ಮಾಡಿದ್ದು ಹಾಸ್ಯ ಪಾತ್ರಗಳಿಂದಲೇ.

ನಮ್ಮ ಮಾಲೀಕರು ಬಾದಾಮಿಯ ಬನಶಂಕರಿ ಜಾತ್ರೆಗೆ ಹೊಸ ನಾಟಕ ಹುಡುಕುತ್ತಿದ್ದರು. ಬನದ ಹುಣ್ಣಿಮೆಗೆ ಶುರುವಾಗುವ ಆ ಜಾತ್ರೆಗೆ ಹಲವು ಕಂಪನಿಗಳು ಥಿಯೇಟರ್ ಹಾಕುತ್ತವೆ. ಪಕ್ಕಪಕ್ಕದಲ್ಲೇ ಪೈಪೋಟಿ. ನಾನೇ ಬರೀತೀನಿ ಅಂದೆ. ಮಳೆಗಾಲದಲ್ಲಿ ಕಲೆಕ್ಷನ್ ಇರಲಿಲ್ಲ, ಕೈಯಲ್ಲಿ ಸಮಯ ಜಾಸ್ತಿ ಇತ್ತು. ಬರೆದು ಓದಿದೆ. ಮಾಲೀಕರು ಪೂರ್ತಿ ಕೇಳಿ ಹೇಳಿದರು: “ಕೇಳಾಕ ಚಲೋ ಐತಿ ತಮ್ಮಾ. ಆದ್ರ ಕೋರ್ಟ್ ಸೀನ್ ಮುಗದ ಕೂಡ್ಲೇ ಗುಡಿಸಲಾ ಅಂತ ಬರದೀಯಲ್ಲ, ಸೆಟ್ ಯಾರು ಬದಲಿ ಮಾಡ್ತಾರ, ನಿಮ್ಮಪ್ಪ?”

ಅಷ್ಟು ವರ್ಷ ರೋಡ್ ಸೀನಿನಲ್ಲೇ ಬಣ್ಣ ಹಚ್ಚಿ ನಿಂತವನು ನಾನು. ಆದರೂ ಇದು ಹೊಳೆದಿರಲಿಲ್ಲ ನೋಡಿ. ರೋಡ್ ಸೀನ್ ಅಂದರೆ ಬೀದಿ ಚಿತ್ರ ಬರೆದ ಪರದೆ ಮುಂದೆ ಇಳಿಯುತ್ತದೆ. ಅದರ ಮುಂದೆ ಹಾಸ್ಯದವರು ಮಾತಾಡುತ್ತಿರುತ್ತಾರೆ. ಹಿಂದೆ ಹುಡುಗರು ಸದ್ದಿಲ್ಲದೆ ಮಂಚ, ಕುರ್ಚಿ, ಬಾಗಿಲು ಎಳೆದಾಡುತ್ತಿರುತ್ತಾರೆ. ಕಂಪನಿ ನಾಟಕದಲ್ಲಿ ಹಾಸ್ಯ ನಡುನಡುವೆ ಯಾಕೆ ತೂರಿ ಬರುತ್ತೆ ಅಂತ ಕೇಳುವವರಿಗೆ ಅರ್ಧ ಉತ್ತರ ಆ ಪರದೆಯ ಹಿಂದಿದೆ.

“ಧುತ್ತರಗಿಯವರ ನಾಟಕ ತಗದು ಓದು” ಅಂದರು ಮಾಲೀಕರು. ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆಯಿತು ಅನ್ನೋದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ಈ ಸಲ ಕಥೆಗಾಗಿ ಓದಲಿಲ್ಲ. ಯಾರು ಯಾವಾಗ ಒಳಗೆ ಹೋಗುತ್ತಾರೆ, ಮತ್ತೆ ಬರುವಷ್ಟರಲ್ಲಿ ಎಷ್ಟು ಹೊತ್ತು ಸಿಗುತ್ತೆ ಅಂತ ಲೆಕ್ಕ ಹಾಕುತ್ತಾ ಓದಿದೆ. ಆಮೇಲೆ ನನ್ನ ನಾಟಕವನ್ನು ಮೊದಲಿನಿಂದ ಬರೆದೆ. ಎರಡನೇ ಸಲ ಕಂಪನಿಯಲ್ಲಿ ಯಾರಿದ್ದಾರೆ ಅಂತ ನೋಡಿದೆ. ತಾಯಿ ಪಾತ್ರ ಮಾಡುವ ಅಕ್ಕನಿಗೆ ಒಳ್ಳೆ ಕಂಠ ಇತ್ತು. ಮೊದಲ ಪ್ರತಿಯಲ್ಲಿ ಆ ತಾಯಿಯನ್ನು ಆರಂಭದಲ್ಲೇ ಸಾಯಿಸಿಬಿಟ್ಟಿದ್ದೆ! ಬದುಕಿಸಿ, ಒಂದು ಹಾಡು ಕೊಟ್ಟೆ.

ಇಷ್ಟೆಲ್ಲ ಮಾಡಿಯೂ ಮೊದಲ ದಿನವೇ ಸಿಕ್ಕಿಬಿದ್ದೆ. ನಾಯಕ ಕೈದಿ ಬಟ್ಟೆ ಬಿಚ್ಚಿ ಸೂಟು ಹಾಕಿಕೊಳ್ಳಬೇಕು. ಅದಕ್ಕೆ ನಾನು ಬರೆದ ರೋಡ್ ಸೀನ್ ಮೂರು ನಿಮಿಷದ್ದು. ಪರದೆ ಮುಂದೆ ಇದ್ದವನೂ ನಾನೇ. ಮಾತು ಮುಗಿಯಿತು. ವಿಂಗಿನತ್ತ ನೋಡಿದರೆ ನಾಯಕ ಇನ್ನೂ ತಯಾರಿಲ್ಲ, ಮಾತು “ಎಳಿ, ಎಳಿ” ಅಂತ ಕೈಸನ್ನೆ. ಬರೆದವನ ಬಾಯಲ್ಲೇ ಮಾತಿಲ್ಲ! ಗತಿಯಿಲ್ಲದೆ ರಂಗದ ಮುಂದೆ ಹಾರ್ಮೋನಿಯಂ ಹಿಡಿದು ಕೂತಿದ್ದ ಪೇಟಿ ಮಾಸ್ತರರ ಕಡೆ ತಿರುಗಿ, “ಮಾಸ್ತರ್ರ, ಈ ಊರಿಗೆ ಬಸ್ಸು ಎಷ್ಟಕ್ಕ ಬರ್ತೈತ್ರಿ?” ಅಂದೆ. ಅವರು ತಲೆ ಎತ್ತದೆ, “ಬಂದಾಗ” ಅಂದರು. ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಮರುದಿನದಿಂದ ಅದು ನೋಟ್‌ಬುಕ್ಕಿಗೆ ಸೇರಿತು. ನಾಟಕದಲ್ಲಿ ಜನ ಜಾಸ್ತಿ ನಕ್ಕ ಮಾತು ನಾನು ಬರೆದದ್ದೇ ಅಲ್ಲ, ಏನು ಮಾಡೋದು.

ಸ್ಥಳದಲ್ಲೇ ಮಾತು ಹುಟ್ಟಿಸುವುದು ಸುಲಭ ಅಂತ ಇದರಿಂದ ಅಂದುಕೊಂಡೆ, ಅದು ಬೇರೆ ತಪ್ಪು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅವತ್ತಿನ ರಾಜಕೀಯವನ್ನು ಅವತ್ತೇ ತರುತ್ತಿದ್ದರು. ಅದರ ಹಿಂದೆ ದಿನಾ ಪೇಪರ್ ಓದುವ ತಲೆ ಇತ್ತು, ಧೈರ್ಯ ಇತ್ತು. ನನಗೆ ಮಾತು ಸಿಗದಾಗ ಬಾಯಿಗೆ ಬಂದದ್ದು ಎರಡರ್ಥದ ಮಾತು. ಒಂದು ಕ್ಯಾಂಪ್, ಅಂದರೆ ಒಂದು ಊರಿನ ಮುಕ್ಕಾಂ, ಪೂರ್ತಿ ಅದನ್ನೇ ಮಾಡಿದೆ. ಶಿಳ್ಳೆ ಬಿತ್ತು, ಕಲೆಕ್ಷನ್ನೂ ಏರಿತು. ಆದರೆ ಹೆಣ್ಣುಮಕ್ಕಳು ಕೂರುವ ಕಡೆ ಬೆಂಚು ಖಾಲಿಯಾಗುತ್ತಾ ಬಂತು. ತಾಯಿಯ ಹಾಡಿಗೆ ಅಳುವವರೇ ಇಲ್ಲ. ಇದನ್ನು ಬೇರೆ ಯಾರೂ ನನ್ನಿಂದ ಮಾಡಿಸಲಿಲ್ಲ. ಮುಂದಿನ ಊರಿನಲ್ಲಿ ಅವನ್ನೆಲ್ಲ ತೆಗೆದೆ. ಬಿಟ್ಟುಹೋದವರು ತಕ್ಷಣ ವಾಪಸ್ ಬರಲಿಲ್ಲ.

ಜಾತ್ರೆಯ ಪಾಠ ಇನ್ನೊಂದು. ಅಲ್ಲಿ ರಾತ್ರಿಗೆ ಒಂದೇ ಆಟ ಅಲ್ಲ, ಬೆಳಗಿನವರೆಗೂ ಆಟದ ಮೇಲೆ ಆಟ. ಮೂರು ತಾಸಿನ ನಾಟಕವನ್ನು ಕತ್ತರಿಸಲೇಬೇಕು. ಮಾಲೀಕರು ಪೆನ್ನು ಹಿಡಿದು, ನಾಯಕ ಜೈಲಿನಿಂದ ಪತ್ರ ಬರೆಯುವ ಸೀನಿಗೆ ಅಡ್ಡಗೆರೆ ಎಳೆದರು. ಇಡೀ ನಾಟಕದಲ್ಲಿ ನನಗೆ ಇಷ್ಟವಾದ ಸೀನ್ ಅದು. ಎರಡು ದಿನ ಮಾಲೀಕರ ಜೊತೆ ಮಾತು ಬಿಟ್ಟೆ. ಆಟ ಮುಗಿದ ಮೇಲೆ ಹೊರಗೆ ಚಹಾದಂಗಡಿಯಲ್ಲಿ ನಿಂತು ಜನ ಏನಂತಾರೆ ಅಂತ ಕಿವಿ ಕೊಟ್ಟೆ. ತಾಯಿಯ ಹಾಡಿನ ಮಾತು ಬಂತು, ಬಸ್ಸಿನ ಮಾತು ಬಂತು. ಜಾತ್ರೆ ಮುಗಿದು ಮುಂದಿನ ಕ್ಯಾಂಪಿಗೆ ಹೋದಾಗ ಸಮಯ ಬೇಕಾದಷ್ಟಿತ್ತು. “ಪತ್ರದ ಸೀನ್ ಮತ್ತ ಹಾಕೂಣೇನು?” ಅಂತ ಮಾಲೀಕರೇ ಕೇಳಿದರು. ಬೇಡ್ರಿ ಅಂದೆ.