ಮನೆಯವರ ಬಗ್ಗೆ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಶಿರಸಿಯ ಮಾರಿಕಾಂಬಾ ಜಾತ್ರೆಗೆ ನೆಂಟರೆಲ್ಲ ಬಂದಿಳಿದ ಮನೆಯನ್ನು ನೆನೆಸಿಕೊಳ್ಳಿ. ದೊಡ್ಡಪ್ಪ, ಸೋದರಮಾವ, ಭಾವ, ಸೊಸೆ, ಮೊಮ್ಮಕ್ಕಳು. ಇಂಗ್ಲಿಷ್ ಕಲಿಯಲು ಇಷ್ಟು ಜನ ಸಾಕು. ಪುಸ್ತಕದ ಪಟ್ಟಿಯನ್ನು ಸುಮ್ನೆ ಉರು ಹೊಡೆಯಬೇಡಿ. ಹಾಳೆಯ ಮೇಲೆ ನಿಮ್ಮ ಮನೆಯವರ ಹೆಸರು ಬರೆದು, ಪಕ್ಕದಲ್ಲಿ ಸಂಬಂಧ ಬರೆಯಿರಿ.

ಅಣ್ಣನೂ ‘ಬ್ರದರ್’, ತಮ್ಮನೂ ‘ಬ್ರದರ್’. ಹಿರಿಯರೋ ಕಿರಿಯರೋ ತಿಳಿಸಬೇಕಾದರೆ ‘ಎಲ್ಡರ್’, ‘ಯಂಗರ್’ ಸೇರಿಸಿ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ‘ಅಂಕಲ್’. ಅವರ ಮಕ್ಕಳು, ಹುಡುಗನಿರಲಿ ಹುಡುಗಿಯಿರಲಿ, ‘ಕಸಿನ್’. ಗಂಡನ ಅಥವಾ ಹೆಂಡತಿಯ ಅಪ್ಪ ಮಾತ್ರ ‘ಫಾದರ್-ಇನ್-ಲಾ’. ಭಾವ, ಮೈದುನ ಇಬ್ಬರೂ ‘ಬ್ರದರ್-ಇನ್-ಲಾ’.

ಯಾವ ಕಡೆಯ ಅಂಕಲ್ ಅಂತ ಹೇಳಬೇಕಲ್ವಾ? ‘ಅಮ್ಮನ ತಮ್ಮ’ ಅಂದ ಹಾಗೆಯೇ ‘ಮದರ್ಸ್ ಬ್ರದರ್’. ಪದಗಳ ಸಾಲು ಕನ್ನಡದ್ದೇ. ಬರೆಯುವಾಗ ಮದರ್ ಆದ ಮೇಲೆ ಅಪಾಸ್ಟ್ರಫಿ, ಅಂದರೆ ಮೇಲೊಂದು ಸಣ್ಣ ಗೆರೆ, ಆಮೇಲೆ ಎಸ್. ‘ಪೇರೆಂಟ್ಸ್’ ತರಹ ಬಹುವಚನದ ಎಸ್ ಮೊದಲೇ ಇದ್ದರೆ ಅದರ ನಂತರ ಗೆರೆ ಮಾತ್ರ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಭ್ಯಾಸಕ್ಕೆ ಅದನ್ನೇ ಹೇಳಿ: ‘ಟ್ಯಾಗೋರ್ಸ್ ಎಲ್ಡರ್ ಬ್ರದರ್ ವಾಸ್ ಎ ಜಡ್ಜ್ ಇನ್ ಕಾರವಾರ್.’

ನಮ್ಮವರು ನಿಜವಾಗಿ ಎಡವುವುದು ಇದರಲ್ಲಲ್ಲ, ‘ನಮ್ಮ’ ಮತ್ತು ‘ಅವರ’ದಲ್ಲಿ. ನಾವು ಒಬ್ಬರೇ ಇದ್ದರೂ ‘ನಮ್ಮ ಅಮ್ಮ’ ಅನ್ನುತ್ತೇವೆ. ಅದನ್ನೇ ‘ಅವರ್ ಮದರ್’ ಎಂದರೆ ಒಡಹುಟ್ಟಿದವರ ಪರವಾಗಿಯೂ ಮಾತಾಡಿದಂತೆ ಕೇಳಿಸುತ್ತದೆ. ‘ಮೈ ಮದರ್’ ಅನ್ನಿ, ಅದರಲ್ಲಿ ಅಗೌರವ ಏನೂ ಇಲ್ಲ. ಅಜ್ಜನನ್ನು ‘ಅವರು’ ಅನ್ನುವುದು ನಮ್ಮ ರೂಢಿ. ಆದರೆ ‘ದೆಯರ್ ಹೌಸ್’ ಎಂದರೆ ಅದು ಹಲವರ ಮನೆಯಾಗುತ್ತದೆ. ಅಜ್ಜನ ಮನೆಯಾದರೆ ‘ಹಿಸ್’, ಅಜ್ಜಿಯದಾದರೆ ‘ಹರ್’.

ಮನೆಯಲ್ಲಿ ಕೊಂಕಣಿ ಮಾತಾಡುವವರಿಗೆ ಇನ್ನೊಂದು ಮಾತು. ಕೊಂಕಣಿಯಲ್ಲಿ ಮಗನೋ ಮಗಳೋ ನೋಡಿ ‘ಅವನ’ ಎಂಬ ರೂಪ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಪ್ಪನ ಮಗಳಾದರೂ ‘ಹಿಸ್ ಡಾಟರ್’, ಅಮ್ಮನ ಮಗನಾದರೂ ‘ಹರ್ ಸನ್’. ಯಾರ ಮಗು ಅನ್ನುವುದಷ್ಟೇ ಲೆಕ್ಕ.

ಇನ್ನು ‘ನನಗೆ ಇಬ್ಬರು ತಂಗಿಯರಿದ್ದಾರೆ’. ಇಲ್ಲಿ ‘ನನಗೆ’ಯನ್ನು ಬಿಟ್ಟು ‘ನಾನು’ ಅಂತ ಶುರು ಮಾಡಬೇಕು: ‘ಐ ಹ್ಯಾವ್ ಟು ಯಂಗರ್ ಸಿಸ್ಟರ್ಸ್.’ ಈ ಸಿಸ್ಟರ್ಸ್‌ಗೆ ಅಪಾಸ್ಟ್ರಫಿ ಬೇಡ, ಅದು ಬರೀ ಬಹುವಚನ. ಅವನಿಗೆ, ಅವಳಿಗೆ ಅನ್ನುವಾಗ ‘ಹಿ ಹ್ಯಾಸ್’, ‘ಶಿ ಹ್ಯಾಸ್’. ಇಲ್ಲ ಅನ್ನಲು ‘ಐ ಡೋಂಟ್ ಹ್ಯಾವ್’.

ಈಗ ಮದುವೆ ಆಲ್ಬಂ ತೆಗೆಯಿರಿ. ಒಬ್ಬೊಬ್ಬರ ಮುಖಕ್ಕೂ ಬೆರಳಿಟ್ಟು ಒಂದೊಂದು ವಾಕ್ಯ ಜೋರಾಗಿ ಹೇಳಿ. ಕಾರವಾರದ ನೌಕಾನೆಲೆಗೆ ಬೇರೆ ರಾಜ್ಯದಿಂದ ಬಂದವರು ನೆರೆಮನೆಯಲ್ಲಿದ್ದರೆ ಅವರ ಮನೆಯವರ ಬಗ್ಗೆಯೂ ಕೇಳಿ: ‘ಡು ಯು ಹ್ಯಾವ್ ಬ್ರದರ್ಸ್ ಆರ್ ಸಿಸ್ಟರ್ಸ್?’